ತಂದೆಗೆ ಮರೆವಿನ ಕಾಯಿಲೆ: ಮನೆ ಮಾರುವ ಪತ್ರಕ್ಕೆ ಸಹಿ ಯಾರದು?

ಪ್ರಶ್ನೆ: ನಮ್ಮ ತಂದೆಗೆ 79 ವರ್ಷ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಧಾರವಾಡದಲ್ಲಿ ಅವರೇ ನಿವೇಶನ ಕೊಂಡು ಕಟ್ಟಿಸಿದ ಮನೆ ಇದೆ, ದಾಖಲೆಗಳೆಲ್ಲ ಅವರ ಹೆಸರಿನಲ್ಲಿವೆ. ಎರಡು ವರ್ಷಗಳ ಹಿಂದೆ ವೈದ್ಯರು ಡಿಮೆನ್ಷಿಯಾ ಎಂದರು. ಕೆಲವು ದಿನ ಬೆಳಿಗ್ಗೆ ಚೆನ್ನಾಗಿಯೇ ಮಾತನಾಡುತ್ತಾರೆ. ಸಂಜೆಗೆ ನನ್ನನ್ನೇ ಯಾರೆಂದು ಕೇಳುತ್ತಾರೆ. ಕಿವಿಯೂ ಮಂದವಾಗಿದೆ. ಅವರನ್ನು ನೋಡಿಕೊಳ್ಳುವವರ ಸಂಬಳ ಮತ್ತು ಔಷಧಕ್ಕೆ ಪಿಂಚಣಿ ಸಾಲುತ್ತಿಲ್ಲ. ಮನೆ ಮಾರಿ ಅಪ್ಪ, ಅವ್ವ ಇಬ್ಬರನ್ನೂ ಹುಬ್ಬಳ್ಳಿಯಲ್ಲಿ ನನ್ನ ಮನೆಯ ಹತ್ತಿರ ಇರಿಸಬೇಕೆಂದಿದ್ದೇವೆ. ಕೊಳ್ಳುವವರು ಸಿಕ್ಕಿದ್ದಾರೆ, ಎರಡು ಲಕ್ಷ ಮುಂಗಡವನ್ನೂ ಕೊಟ್ಟಿದ್ದಾರೆ. ಪತ್ರ ಬರೆಯುವವರು "ಒಂದು ಬೆಳಿಗ್ಗೆ ಕರೆತನ್ನಿ, ಸಹಿ ಮಾಡಿಸಿ ಮುಗಿಸೋಣ" ಎನ್ನುತ್ತಾರೆ. ಟೆಕ್ಸಾಸಿನಲ್ಲಿರುವ ಅಣ್ಣ "2018ರಲ್ಲಿ ಅಪ್ಪ ನನಗೆ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟಿದ್ದಾರೆ, ನಾನೇ ಬಂದು ಸಹಿ ಮಾಡುತ್ತೇನೆ" ಎನ್ನುತ್ತಾನೆ. ಅವ್ವ ಸಹಿ ಮಾಡಿದರೆ ಸಾಲದೇ ಎಂದು ಚಿಕ್ಕಪ್ಪ ಕೇಳುತ್ತಾರೆ. ಯಾವುದು ಸರಿ? ಇದನ್ನೆಲ್ಲ ಅಪ್ಪನಿಗೆ ಹೇಳಬೇಕೇ?

ಉತ್ತರ: ಅಣ್ಣನ ಜಿಪಿಎ ಹಿಡಿದು ಈ ಮನೆ ಮಾರಬೇಡಿ. ಅವ್ವನ ಸಹಿಯಿಂದ ಮಾರಲು ಬರುವುದೇ ಇಲ್ಲ. ತಂದೆಯವರ ಸಹಿಯಿಂದ ಮಾರಬಹುದೇ ಎಂಬುದು ಮಾತ್ರ ಇನ್ನೂ ತೀರ್ಮಾನವಾಗದ ಪ್ರಶ್ನೆ. ಅದಕ್ಕೆ ಉತ್ತರವನ್ನು ಅವರ ಆಸ್ಪತ್ರೆಯ ಫೈಲಿನಲ್ಲಿ ಹುಡುಕದೆ ಅವರನ್ನೇ ಕೇಳಿ ತಿಳಿಯಬೇಕು. ಅವರಿಂದ ಆಗದು ಎಂದು ಖಚಿತವಾದರೆ ಉಳಿಯುವ ದಾರಿ ನ್ಯಾಯಾಲಯದ್ದು.

ತಂದೆಯವರಿಂದಲೇ ಆರಂಭಿಸುತ್ತೇನೆ. ಮನೆ ಅವರದು, ಮೊದಲ ಮಾತೂ ಅವರದೇ ಆಗಬೇಕು.

ಆಸ್ತಿ ಮಾರುವವನಿಗೆ ಕರಾರು ಮಾಡಿಕೊಳ್ಳುವ ಅರ್ಹತೆ ಇರಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ಆ ಅರ್ಹತೆ ಏನೆಂಬುದು 1872ರ ಕರಾರು ಕಾಯ್ದೆಯಲ್ಲಿದೆ: ಪ್ರಾಯಕ್ಕೆ ಬಂದಿರಬೇಕು, ಸ್ವಸ್ಥಚಿತ್ತನಾಗಿರಬೇಕು. ಸ್ವಸ್ಥಚಿತ್ತ ಎಂದರೇನು ಎಂಬುದನ್ನು 12ನೇ ಸೆಕ್ಷನ್ ಬಹಳ ಎಚ್ಚರದಿಂದ ಬಿಡಿಸಿ ಹೇಳುತ್ತದೆ. ಕರಾರು ಮಾಡಿಕೊಳ್ಳುವ ಹೊತ್ತಿನಲ್ಲಿ ಅದೇನೆಂದು ತಿಳಿಯುವ ಶಕ್ತಿ, ಅದರಿಂದ ತನ್ನ ಹಿತಕ್ಕೆ ಒಳಿತೋ ಕೆಡುಕೋ ಎಂದು ವಿವೇಚಿಸುವ ಶಕ್ತಿ, ಇವೆರಡೂ ಇದ್ದರೆ ಆ ಕರಾರಿನ ಮಟ್ಟಿಗೆ ಆತ ಸ್ವಸ್ಥಚಿತ್ತ. ಸಾಮಾನ್ಯವಾಗಿ ಚಿತ್ತ ಸರಿಯಿಲ್ಲದೆ ಆಗಾಗ ತಿಳಿಯಾಗುವವನು ತಿಳಿಯಾಗಿರುವಾಗ ಕರಾರು ಮಾಡಿಕೊಳ್ಳಬಹುದು ಎಂಬುದೂ ಅದೇ ಸೆಕ್ಷನ್ನಿನಲ್ಲಿದೆ. ಹಾಗೆಯೇ, ಸಾಮಾನ್ಯವಾಗಿ ಸರಿಯಿರುವವನೂ ಜ್ವರದ ಸನ್ನಿಯಲ್ಲಿದ್ದರೆ ಮಾಡಿಕೊಳ್ಳಲಾರ. ಒಂದೂವರೆ ಶತಮಾನದ ಹಿಂದೆಯೇ ಕಾಯ್ದೆ ಕಾಯಿಲೆಯ ಹೆಸರನ್ನು ಕೇಳಲಿಲ್ಲ. ಈ ವ್ಯವಹಾರ, ಈ ಹೊತ್ತು, ಇಷ್ಟನ್ನೇ ಕೇಳಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದೇ ಜಾಡಿನಲ್ಲಿದೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದು ಕಂಡುಬಂದ ಮಾತ್ರಕ್ಕೆ ಅವರು ಅಸ್ವಸ್ಥಚಿತ್ತರು ಎಂದಾಗುವುದಿಲ್ಲ, ಹಾಗೆ ಘೋಷಿಸಬೇಕಾದದ್ದು ಸಕ್ಷಮ ನ್ಯಾಯಾಲಯ ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ.

ಆದ್ದರಿಂದ "ಡಿಮೆನ್ಷಿಯಾ ಇದೆ, ಇನ್ನು ಅವರ ಸಹಿ ನಡೆಯದು" ಎನ್ನುವ ಸಂಬಂಧಿಕರೂ ತಪ್ಪು, "ಸಹಿ ಮಾಡಲು ಬರುತ್ತದಲ್ಲ, ಸಾಕು" ಎನ್ನುವ ಪತ್ರ ಬರೆಯುವವರೂ ತಪ್ಪು. ನನ್ನ ವಕೀಲಿಕೆಯಲ್ಲಿ ಕಂಡ ಇಬ್ಬರ ವಿಷಯ ಹೇಳಿದರೆ ಇದು ಸ್ಪಷ್ಟವಾದೀತು.

ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿಯನ್ನು ಮಕ್ಕಳು ನನ್ನ ಕಚೇರಿಗೆ ಕರೆತಂದರು. ಅವರಿಗೆ ಅಂದು ಯಾವ ವಾರವೆಂದು ಗೊತ್ತಿರಲಿಲ್ಲ. ಮುಖ್ಯಮಂತ್ರಿ ಯಾರೆಂದರೆ ಹಳೆಯ ಹೆಸರೊಂದನ್ನು ಹೇಳಿದರು. ಮಗ ತಲೆ ತಗ್ಗಿಸಿ ಕುಳಿತ. ನಾನು ಎಲ್ಲರನ್ನೂ ಹೊರಗೆ ಕಳುಹಿಸಿ, ಚಹಾ ತರಿಸಿ, ಜಾಗದ ಮಾತು ತೆಗೆದೆ. ಅದು ಗಂಡ ನಿವೃತ್ತನಾದಾಗ ಬಂದ ಭವಿಷ್ಯನಿಧಿಯ ಹಣದಲ್ಲಿ ಕೊಂಡ ಜಾಗ, ಪೂರ್ವಕ್ಕೆ ಒಂದು ತೆಂಗಿನಮರವಿದೆ, ಬೇಲಿಯ ವಿಚಾರದಲ್ಲಿ ನೆರೆಯವನ ತಕರಾರಿತ್ತು, ಈಗ ಕೊಳ್ಳುತ್ತಿರುವವನು ಆ ನೆರೆಯವನ ಅಳಿಯ, ಬರುವ ಹಣದಲ್ಲಿ ಅರ್ಧ ವಿಧವೆ ಮಗಳಿಗೆ ಹೋಗಬೇಕು, ಮಗನಿಗೆ ಇದು ಇಷ್ಟವಿಲ್ಲ. ಇಷ್ಟನ್ನೂ ಅವರು ಒಂದೇ ಉಸಿರಿಗೆ ಹೇಳಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದೆ, ಬೆಲೆಯಲ್ಲಿ ಒಂದು ಸಾವಿರವೂ ಆಚೀಚೆ ಆಗಲಿಲ್ಲ. ಆ ಕ್ರಯಪತ್ರವನ್ನು ನಾನು ನಿಸ್ಸಂಕೋಚವಾಗಿ ಬರೆದೆ.

ಇನ್ನೊಬ್ಬರು ನಿವೃತ್ತ ಗುಮಾಸ್ತರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮುತ್ತು ಪೋಣಿಸಿದಂಥ ಸಹಿ. ಏನು ಕೇಳಿದರೂ "ಹೌದು ಸಾರ್, ಎಲ್ಲ ಗೊತ್ತಿದೆ" ಎಂದು ನಗುತ್ತಿದ್ದರು. ಅಳಿಯ ಪತ್ರದ ಪುಟಗಳನ್ನು ಮುಂದಿಟ್ಟ, ಅವರು ಸರಸರನೆ ಸಹಿ ಹಾಕತೊಡಗಿದರು. ನಾನು ತಡೆದು ಕೇಳಿದೆ: "ಮನೆ ಮಾರಿದ ಮೇಲೆ ಎಲ್ಲಿ ಇರುತ್ತೀರಿ?" ಅವರು ನನ್ನ ಮುಖವನ್ನೇ ನೋಡಿದರು. "ಎಲ್ಲಿ ಅಂದರೆ? ನಮ್ಮ ಮನೆಯಲ್ಲಿ. ಹಿತ್ತಲಿಗೆ ಹೊಸ ಬಾಗಿಲು ಇಡಿಸಬೇಕು." ಅಲ್ಲಿಗೆ ನಾನು ಕಾಗದಗಳನ್ನು ಎತ್ತಿಟ್ಟೆ. ಸಹಿ ಮಾಡುವ ಕೈಯ ಅಭ್ಯಾಸ ಬುದ್ಧಿ ಹೋದ ಮೇಲೂ ಬಹಳ ಕಾಲ ಉಳಿಯುತ್ತದೆ. ಶಿಷ್ಟಾಚಾರದ ಮಾತುಗಳೂ ಹಾಗೆಯೇ. ನಿಮ್ಮ ತಂದೆಯವರು ಮುಖ್ಯೋಪಾಧ್ಯಾಯರಾಗಿದ್ದವರು; ಸಾವಿರಾರು ಅಂಕಪಟ್ಟಿಗಳಿಗೆ ಸಹಿ ಮಾಡಿದ ಕೈ ಅದು. ಅವರ ಸಹಿ ಚೆನ್ನಾಗಿದೆ ಎಂಬುದನ್ನು ಯಾವುದಕ್ಕೂ ಸಾಕ್ಷಿಯಾಗಿ ಹಿಡಿಯಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲು, ಈಗಿನ ಗೊಂದಲದಲ್ಲಿ ವಾಸಿಯಾಗುವ ಭಾಗ ಎಷ್ಟಿದೆ ಎಂದು ನೋಡಿಸಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಬಿ12 ಕೊರತೆ, ಥೈರಾಯ್ಡ್ ತೊಂದರೆ, ಹೊಸದಾಗಿ ಆರಂಭಿಸಿದ ನಿದ್ರೆಯ ಮಾತ್ರೆ, ಇವುಗಳಲ್ಲಿ ಯಾವುದೇ ಒಂದು ಬುದ್ಧಿಯನ್ನು ಮಬ್ಬಾಗಿಸಬಲ್ಲದು. ಚಿಕಿತ್ಸೆಯಾದರೆ ಆ ಮಬ್ಬು ಸರಿಯಬಹುದು. ಕಿವಿ ಮಂದ ಎಂದು ಬರೆದಿದ್ದೀರಿ. ಕೇಳಿಸದಿದ್ದವನು ಅರ್ಥವಾಗದವನಂತೆ ಕಾಣುತ್ತಾನೆ, ಈ ಅನ್ಯಾಯ ದಿನವೂ ನಡೆಯುತ್ತದೆ. ಶ್ರವಣಯಂತ್ರ ಮತ್ತು ಸರಿಯಾದ ಕನ್ನಡಕ ಇಲ್ಲದೆ ಅವರನ್ನು ಯಾವ ಪರೀಕ್ಷೆಗೂ ಕೂರಿಸಬೇಡಿ.

ಆಮೇಲೆ ಮನೋವೈದ್ಯರು ಅಥವಾ ನರರೋಗ ತಜ್ಞರ ಬಳಿ ಹೋಗಿ. ನಿಮ್ಮ ಊರಿನಲ್ಲೇ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ, ಬೆಂಗಳೂರಿಗೆ ಹೋಗಬಲ್ಲಿರಾದರೆ ನಿಮ್ಹಾನ್ಸ್ ಇದೆ. ವೈದ್ಯರಿಗೆ ನಿಮ್ಮ ಕೋರಿಕೆಯನ್ನು ಸರಿಯಾಗಿ ಇಡಿ. ಸಾಮಾನ್ಯವಾಗಿ ಅವರು 30 ಅಂಕಗಳ ಪರೀಕ್ಷೆ ಮಾಡುತ್ತಾರೆ: ಇಂದಿನ ತಾರೀಕು, ಮೂರು ಪದ ನೆನಪಿಟ್ಟು ಹೇಳುವುದು, ನೂರರಿಂದ ಏಳೇಳು ಕಳೆಯುತ್ತ ಹೋಗುವುದು, ಇಂಥವು. ಅದು ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಬೇಕು. ಆದರೆ ಮನೆ ಮಾರಾಟ ಅರ್ಥವಾಗುತ್ತದೆಯೇ ಎಂಬುದನ್ನು ಆ ಅಂಕ ಹೇಳಲಾರದು. ನಿಮಗೆ ಬೇಕಾದ ವರದಿ ಬೇರೆ. ಯಾವ ಮನೆ, ಯಾರಿಗೆ, ಎಷ್ಟಕ್ಕೆ, ಮಾರಿದ ಮೇಲೆ ವಾಪಸು ಬರುವುದಿಲ್ಲ, ತಾನೂ ಹೆಂಡತಿಯೂ ಎಲ್ಲಿರಬೇಕು, ಹಣ ಎಲ್ಲಿಗೆ ಹೋಗುತ್ತದೆ, ಮಾರದಿದ್ದರೆ ಏನಾಗುತ್ತದೆ, ಇವು ಅವರಿಗೆ ತಿಳಿದಿವೆಯೇ, ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗಲೂ ತಮ್ಮದೇ ಮಾತಿನಲ್ಲಿ ಹೇಳುತ್ತಾರೆಯೇ ಎಂದು ವೈದ್ಯರು ಪರೀಕ್ಷಿಸಿ, ದಿನಾಂಕ ಮತ್ತು ಸಮಯ ನಮೂದಿಸಿ ಬರೆದುಕೊಡಬೇಕು. ತಲೆಯಾಡಿಸುವುದು ಉತ್ತರವಲ್ಲ. "ಹೂಂ" ಎಂಬುದೂ ಉತ್ತರವಲ್ಲ.

ಈ ಪರೀಕ್ಷೆಯಲ್ಲಿ ಅವರು ನಿಂತರೆ ಅವರೇ ಸಹಿ ಮಾಡಲಿ, ಅದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಕ್ರಯಪತ್ರವನ್ನು ಅವರಿಗೆ ಓದಿಹೇಳುವಾಗ ಅವರ ಪರವಾದ ವಕೀಲರೊಬ್ಬರು ಇರಲಿ, ಕೊಳ್ಳುವವರ ವಕೀಲರೇ ಎರಡೂ ಕಡೆ ನೋಡುವುದು ಬೇಡ. ನೀವೂ ನಿಮ್ಮ ಅಣ್ಣನೂ ಆ ಕೋಣೆಯಲ್ಲಿ ಇರಬೇಡಿ. ಸಾಕ್ಷಿದಾರರು ಹಣದಲ್ಲಿ ಪಾಲಿಲ್ಲದವರಾಗಿರಲಿ. ವೈದ್ಯರ ಪತ್ರ ಅದೇ ದಿನದ್ದೋ ಹಿಂದಿನ ದಿನದ್ದೋ ಆಗಿರಲಿ. ಪೂರ್ತಿ ಹಣ ತಂದೆಯವರ ಖಾತೆಗೇ ಹೋಗಲಿ, ಒಂದು ರೂಪಾಯಿಯೂ ಬೇರೆ ಖಾತೆಗೆ ಹೋಗದಿರಲಿ. ಈ ಕೊನೆಯ ಮಾತಿಗೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಮುಂದೆ ತಕರಾರು ಎದ್ದಾಗ ನ್ಯಾಯಾಧೀಶರು ಹಣದ ಹಾದಿಯನ್ನೂ ತಪ್ಪದೆ ನೋಡುತ್ತಾರೆ. ವಯಸ್ಸು ಅಥವಾ ಕಾಯಿಲೆಯಿಂದ ಬುದ್ಧಿಬಲ ಕುಗ್ಗಿದವರೊಡನೆ ಮಾಡಿಕೊಂಡ ಕರಾರಿನಲ್ಲಿ ಅನುಚಿತ ಪ್ರಭಾವದ ಪ್ರಶ್ನೆ ಏಳುತ್ತದೆ ಎಂಬುದು ಕರಾರು ಕಾಯ್ದೆಯ 16ನೇ ಸೆಕ್ಷನ್ನಿನಲ್ಲೇ ಇದೆ.

ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಲಾಗದವರಿಗಾಗಿ ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳುವ ಅವಕಾಶ 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಸೆಕ್ಷನ್‌ಗಳಲ್ಲಿದೆ. ಇದು ಮೈ ಕುಗ್ಗಿದವರಿಗೆ ಇರುವ ಅನುಕೂಲ, ಬುದ್ಧಿಯ ಕೊರತೆಯನ್ನು ಮುಚ್ಚಿಡಲು ಅದನ್ನು ಬಳಸುವಂತಿಲ್ಲ. ಪತ್ರ ಬರೆದುಕೊಟ್ಟವರು ಚಿತ್ತಸ್ವಾಸ್ಥ್ಯ ಇಲ್ಲದವರೆಂದು ಕಂಡುಬಂದರೆ ನೋಂದಣಿಯನ್ನು ನಿರಾಕರಿಸಬೇಕೆಂದು 35ನೇ ಸೆಕ್ಷನ್ ಅಧಿಕಾರಿಗೆ ಹೇಳುತ್ತದೆ. ಅಲ್ಲಿರುವ ಇಂಗ್ಲಿಷ್ ಪದಗಳು ಹಳೆಯ ಕಾಲದವು, ಓದಿದರೆ ಮನಸ್ಸಿಗೆ ನೋವಾಗುತ್ತದೆ, ಆದರೆ ನಿಯಮ ಇಂದಿಗೂ ಜಾರಿಯಲ್ಲಿದೆ. ಗದ್ದಲದ ಕಚೇರಿಯಲ್ಲಿ ಫೋಟೊ ತೆಗೆದು, ಬೆರಳಚ್ಚು ಪಡೆದು ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಎಂಬುದು ನಿಜ. ಪತ್ರ ಬರೆಯುವವರ ಧೈರ್ಯವೆಲ್ಲ ಆ ಎರಡು ನಿಮಿಷದ್ದು. ಆದರೆ ನೋಂದಣಿ ಆಯಿತೆಂದ ಮಾತ್ರಕ್ಕೆ ಅಸಿಂಧುವಾದ ಪತ್ರ ಸಿಂಧುವಾಗುವುದಿಲ್ಲ. ಅಪ್ರಾಪ್ತನ ಕರಾರು ಮೂಲದಲ್ಲೇ ಅಸಿಂಧು ಎಂದು 1903ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದ ಮಾತು ಅಸ್ವಸ್ಥಚಿತ್ತರಿಗೂ ಅನ್ವಯಿಸುತ್ತದೆ.

ಇಲ್ಲಿ ಕೊಳ್ಳುವವರ ಕಷ್ಟವನ್ನೂ ಹೇಳಬೇಕು. ಒಬ್ಬರು ಅಸ್ವಸ್ಥಚಿತ್ತರಾಗಿದ್ದರು ಎಂದು ಸಾಧಿಸುವ ಹೊಣೆ ಸಾಮಾನ್ಯವಾಗಿ ಹಾಗೆ ಹೇಳುವವರದು. ಆದರೆ ಅವರ ಸ್ಥಿತಿ ಬಹುಕಾಲದಿಂದ ಹಾಗೆಯೇ ಇತ್ತು ಎಂದು ತೋರಿಬಂದರೆ ಹೊಣೆ ತಿರುಗುತ್ತದೆ. ಸಹಿ ಮಾಡಿದ ಆ ಗಳಿಗೆಯಲ್ಲಿ ಬುದ್ಧಿ ತಿಳಿಯಾಗಿತ್ತು ಎಂದು ಕೊಂಡವರು ಸಾಧಿಸಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಎರಡು ವರ್ಷಗಳ ಆಸ್ಪತ್ರೆಯ ಕಾಗದಗಳಿವೆ. ನಾಳೆ ಅಣ್ಣನ ಮಕ್ಕಳೋ ಬೇರೆ ವಾರಸುದಾರರೋ ದಾವೆ ಹೂಡಿದರೆ, ಜೀವಮಾನದ ಉಳಿತಾಯ ಸುರಿದು ಮನೆ ಕೊಂಡ ಆ ಕುಟುಂಬ ನ್ಯಾಯಾಲಯದ ಕಟ್ಟೆಯ ಮೇಲೆ ಕೂರಬೇಕಾಗುತ್ತದೆ. ಅವರೂ ನಿಮ್ಮಂಥವರೇ. ಅವರಿಂದ ಕಾಯಿಲೆಯನ್ನು ಮುಚ್ಚಿಡಬೇಡಿ.

ಇನ್ನು ಜಿಪಿಎ. ಅಣ್ಣನ ಉದ್ದೇಶದ ಬಗ್ಗೆ ನನಗೆ ಸಂಶಯವಿಲ್ಲ, ಅವರು ತಪ್ಪಾಗಿ ತಿಳಿದಿರುವುದಕ್ಕೆ ಕಾರಣವೂ ಇದೆ. ಅಮೆರಿಕದ ರಾಜ್ಯಗಳಲ್ಲಿ ಅಧಿಕಾರ ಕೊಟ್ಟವರ ಬುದ್ಧಿ ಹೋದ ಮೇಲೂ ಊರ್ಜಿತವಾಗಿರುವ ಅಧಿಕಾರಪತ್ರವನ್ನು ಬರೆಯಲು ಬರುತ್ತದೆ, ಟೆಕ್ಸಾಸಿನಲ್ಲೂ ಇದೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯಡಿ ಅಂಥದ್ದೇ ವ್ಯವಸ್ಥೆಯಿದೆ. ಅಲ್ಲಿ ನೆಲೆಸಿದ ಕನ್ನಡಿಗ ಮಕ್ಕಳು ನಮ್ಮ ಜಿಪಿಎಯನ್ನೂ ಹಾಗೆಯೇ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಆ ಕಾನೂನೇ ಇಲ್ಲ. ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರು ತೀರಿಕೊಂಡರೆ ಏಜೆನ್ಸಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ, ಮುಗಿಯುವಂತೆಯೇ, ಅವರ ಚಿತ್ತ ಅಸ್ವಸ್ಥವಾದಾಗಲೂ ಮುಗಿಯುತ್ತದೆ. 2018ರಲ್ಲಿ ಅದು ನೋಂದಣಿಯಾಗಿತ್ತು ಎಂಬುದರಿಂದ ಇದು ಬದಲಾಗದು. "ರದ್ದುಪಡಿಸಲಾಗದ ಜಿಪಿಎ" ಎಂದು ತಲೆಬರಹ ಹಾಕಿಸಿದ್ದರೂ ಬದಲಾಗದು. ಅಧಿಕಾರ ಪಡೆದವನಿಗೇ ಆ ಆಸ್ತಿಯಲ್ಲಿ ಹಿತಾಸಕ್ತಿ ಇದ್ದರೆ ಮಾತ್ರ 202ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಮಗ ಮುಂದೊಂದು ದಿನ ವಾರಸುದಾರನಾಗುತ್ತಾನೆ ಎಂಬುದು ಅಂಥ ಹಿತಾಸಕ್ತಿಯಲ್ಲ.

ಹೀಗೂ ಯೋಚಿಸಿ ನೋಡಿ. ತಂದೆಯವರ ಬುದ್ಧಿ ಸರಿಯಿದ್ದರೆ ಜಿಪಿಎ ಊರ್ಜಿತ, ಆದರೆ ಆಗ ಅವರೇ ಸಹಿ ಮಾಡಬಲ್ಲರು. ಬುದ್ಧಿ ಸರಿಯಿಲ್ಲದಿದ್ದರೆ ಜಿಪಿಎಯೇ ಇಲ್ಲ. ಏಜೆನ್ಸಿ ಮುಗಿದದ್ದು ಗೊತ್ತಿಲ್ಲದವರಿಗೆ 208ನೇ ಸೆಕ್ಷನ್ ಒಂದಿಷ್ಟು ರಕ್ಷಣೆ ಕೊಡುತ್ತದೆ. ನಿಮ್ಮ ಅಣ್ಣನಿಗೆ ಎಲ್ಲವೂ ಗೊತ್ತು. ಮನೆ ನೋಡಲು ಬಂದ ಕೊಳ್ಳುವವರು ತಂದೆಯವರನ್ನು ಕಂಡೇ ಇರುತ್ತಾರೆ. ಹಾಗಿರುವಾಗ "ಈ ಜಿಪಿಎ ಈಗಲೂ ಜಾರಿಯಲ್ಲಿದೆ" ಎಂದು ಕ್ರಯಪತ್ರದಲ್ಲಿ ಬರೆದು ಅಣ್ಣ ಸಹಿ ಹಾಕಿದರೆ, ಅದು ಗೊತ್ತಿದ್ದೂ ಬರೆದ ಸುಳ್ಳಾಗುತ್ತದೆ. ಕೊಳ್ಳುವವರಿಗೇ ಒಂದು ಜಿಪಿಎ ಬರೆದುಕೊಟ್ಟು ಹಣ ಪಡೆಯುವ ಸಲಹೆಯನ್ನೂ ಯಾರಾದರೂ ಕೊಟ್ಟಾರು. ಅಂಥ ಪತ್ರಗಳಿಂದ ಮಾಲೀಕತ್ವ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಂಡಿತವಾಗಿ ಹೇಳಿದೆ. ಆದರೂ 209ನೇ ಸೆಕ್ಷನ್ ಅಣ್ಣನಿಗೆ ಒಂದು ಕರ್ತವ್ಯವನ್ನು ಉಳಿಸಿದೆ: ತನ್ನ ಕೈಗೆ ಒಪ್ಪಿಸಿದ್ದ ಹಿತವನ್ನು ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳುವುದು. ತೆರಿಗೆ ಬಾಕಿಯಾಗದಂತೆ ನೋಡಿಕೊಳ್ಳುವುದು, ಮೂಲ ದಾಖಲೆಗಳನ್ನು ಭದ್ರವಾಗಿಡುವುದು, ಇವನ್ನು ಅವರು ಧಾರಾಳವಾಗಿ ಮಾಡಲಿ.

ಅವ್ವನ ವಿಚಾರ ಚಿಕ್ಕದು. ಗಂಡ ಬದುಕಿರುವಾಗ ಆತನ ಸ್ವಯಾರ್ಜಿತ ಆಸ್ತಿಯನ್ನು ಮಾರುವ ಅಧಿಕಾರ ಹೆಂಡತಿಗೆ ಮದುವೆಯಿಂದ ಬರುವುದಿಲ್ಲ. ಮಕ್ಕಳಿಗೂ ಇಲ್ಲ. ನೀವೆಲ್ಲರೂ ಸೇರಿ ಒಪ್ಪಿಗೆ ಸಾಕ್ಷಿಗಳಾಗಿ ಸಹಿ ಹಾಕಿದರೂ ಇಲ್ಲದ ಅಧಿಕಾರ ಹುಟ್ಟದು. ಮನೆ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು, ನಿಮಗೂ ಜನ್ಮತಃ ಪಾಲಿರುತ್ತಿತ್ತು; ಆಗಲೂ ತಂದೆಯವರ ಪಾಲಿಗೆ ಇದೇ ಪ್ರಶ್ನೆ ಏಳುತ್ತಿತ್ತು.

ತಂದೆಯವರಿಗೆ ಮಾರಾಟ ಅರ್ಥವಾಗುತ್ತಿಲ್ಲ ಎಂದು ವೈದ್ಯರು ಹೇಳಿದರೆ ನ್ಯಾಯಾಲಯದಿಂದ ಪಾಲಕರನ್ನು, ಅಂದರೆ ಅವರ ಪರವಾಗಿ ನಿರ್ಧರಿಸುವವರನ್ನು, ನೇಮಿಸಿಕೊಳ್ಳಬೇಕು. ಇಲ್ಲಿ ನಮ್ಮ ಕಾನೂನಿನಲ್ಲಿ ಒಂದು ದೊಡ್ಡ ಹಳ್ಳವಿದೆ, ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿತ್ತು. ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸಬಹುದಿತ್ತು. 2017ರ ಕಾಯ್ದೆ ಅದನ್ನು ರದ್ದುಪಡಿಸಿತು, 2018ರ ಮೇ 29ರಿಂದ ಹೊಸದು ಜಾರಿಗೆ ಬಂತು. ರೋಗಿಯ ಘನತೆ, ಚಿಕಿತ್ಸೆಯ ಹಕ್ಕು, ಇವುಗಳ ಬಗ್ಗೆ ಅದು ಅಮೂಲ್ಯವಾದ ಮಾತುಗಳನ್ನು ಹೇಳಿದೆ. ಆದರೆ ಆಸ್ತಿ ನಿರ್ವಹಣೆಯ ಅಧ್ಯಾಯಕ್ಕೆ ಬದಲಿ ತರಲಿಲ್ಲ. ಆ ಕಾಯ್ದೆಯಡಿ ನೇಮಿಸುವ ನಾಮನಿರ್ದೇಶಿತ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಯ ವಿಷಯಕ್ಕಷ್ಟೇ ಸೀಮಿತ. ಅದನ್ನು ತೋರಿಸಿ ಮನೆ ಮಾರಲಾಗದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ, ಆದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ. ಇಳಿವಯಸ್ಸಿನ ಡಿಮೆನ್ಷಿಯಾ ಆ ಪಟ್ಟಿಯಲ್ಲಿ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಸೀಮಿತ ಪಾಲಕತ್ವವಿದೆ. ಅದರ ಆಶಯ ವ್ಯಕ್ತಿಯೊಡನೆ ಕೂಡಿ ನಿರ್ಧರಿಸುವುದು. ತಂದೆಯವರು ಅರೆಬರೆಯಾಗಿ ಭಾಗವಹಿಸಬಲ್ಲರಾದರೆ ನಿಮ್ಮ ವಕೀಲರು ಈ ಬಾಗಿಲನ್ನೂ ತಟ್ಟಿ ನೋಡಲಿ. ನೆರವು ನೀಡುವವರಿಗೂ ಆ ವ್ಯಕ್ತಿಗೂ ಆಸ್ತಿಯ ವ್ಯವಹಾರದಲ್ಲಿ ಹಿತ ಘರ್ಷಿಸಿದರೆ ನೆರವು ನೀಡುವವರು ಅಲ್ಲಿಂದ ಹಿಂದೆ ಸರಿಯಬೇಕು ಎಂದು 13ನೇ ಸೆಕ್ಷನ್ ಹೇಳುತ್ತದೆ. ಎಂಥ ಒಳ್ಳೆಯ ಮಾತು!

ಈ ಹಳ್ಳವನ್ನು ಸದ್ಯ ತುಂಬುತ್ತಿರುವುದು ಹೈಕೋರ್ಟ್‌ಗಳು. ತನ್ನನ್ನು ತಾನು ನೋಡಿಕೊಳ್ಳಲಾರದವರಿಗೆ ತಂದೆತಾಯಿಯ ಸ್ಥಾನದಲ್ಲಿ ನಿಲ್ಲುವ ಅಧಿಕಾರವನ್ನು ಬಳಸಿ, ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿಯಲ್ಲಿ ಪಾಲಕರನ್ನು ನೇಮಿಸುತ್ತವೆ. ಕೋಮಾದಲ್ಲಿದ್ದವರ ವಿಚಾರದಲ್ಲಿ 2019ರಲ್ಲಿ ಕೇರಳ ಹೈಕೋರ್ಟ್ ಹಾಕಿಕೊಟ್ಟ ಮಾರ್ಗಸೂಚಿ ಇಂಥ ಪ್ರಕರಣಗಳಲ್ಲಿ ಒಳ್ಳೆಯ ದಾರಿದೀಪ. ವೈದ್ಯಕೀಯ ಮಂಡಳಿ ಪರೀಕ್ಷಿಸಬೇಕು. ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಮನೆಗೆ ಬಂದು ಕಣ್ಣಾರೆ ನೋಡಿ ವರದಿ ಕೊಡಬೇಕು. ಆಸ್ತಿಯ ಪೂರ್ಣ ಪಟ್ಟಿ, ವಾರಸುದಾರರ ಪಟ್ಟಿ ಕೊಡಬೇಕು. ನೇಮಕವಾದ ಪಾಲಕರು ಆರು ತಿಂಗಳಿಗೊಮ್ಮೆ ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕು. 2024ರಲ್ಲಿ ಮದ್ರಾಸ್ ಹೈಕೋರ್ಟಿಗೆ ಕೋಮಾದಲ್ಲಿದ್ದ ವ್ಯಕ್ತಿಯೊಬ್ಬರ ಹೆಂಡತಿ ಬಂದರು. ಏಕಸದಸ್ಯ ಪೀಠ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದಿತ್ತು. ವಿಭಾಗೀಯ ಪೀಠ ಅದನ್ನು ಬದಿಗಿಟ್ಟು, ಅವರನ್ನೇ ಪಾಲಕಿಯಾಗಿ ನೇಮಿಸಿ, ಚಿಕಿತ್ಸೆಗಾಗಿ ಆಸ್ತಿ ಮಾರಲು ಅನುಮತಿ ಕೊಟ್ಟಿತು. ಬಂದ ಹಣದಲ್ಲಿ 50 ಲಕ್ಷ ರೂಪಾಯಿಯನ್ನು ಗಂಡನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕೆಂದೂ ವಿಧಿಸಿತು. ಆ ಷರತ್ತನ್ನು ಗಮನಿಸಿ. ಮನೆಯ ರೂಪ ಹೋಗಿ ಹಣದ ರೂಪ ಬಂದರೂ ಅದು ಅವರದೇ.

ನಿಮಗೆ ಹೈಕೋರ್ಟ್ ದೂರವಿಲ್ಲ, ಧಾರವಾಡ ಪೀಠವೇ ಇದೆ. ಪಾಲಕರಾಗಲು ಅರ್ಜಿ ಹಾಕುವವರು ಅವ್ವ ಆದರೆ ಒಳ್ಳೆಯದು, ಅವರಿಗೆ ಓಡಾಟ ಕಷ್ಟವಾದರೆ ನೀವು. ಅಣ್ಣ ಟೆಕ್ಸಾಸಿನಿಂದ ಒಪ್ಪಿಗೆಯ ಪ್ರಮಾಣಪತ್ರ ಕಳುಹಿಸಲಿ. ಮಾರಾಟ ಏಕೆ ಬೇಕು, ತಿಂಗಳ ಖರ್ಚೆಷ್ಟು, ಪಿಂಚಣಿ ಎಷ್ಟು, ಮಾರಿದ ಮೇಲೆ ಅವರಿಬ್ಬರು ಎಲ್ಲಿರುತ್ತಾರೆ, ಬೆಲೆ ನ್ಯಾಯವಾದದ್ದೇ, ಹಣವನ್ನು ಹೇಗೆ ಇಡುತ್ತೀರಿ, ಇಷ್ಟಕ್ಕೂ ಕಾಗದದ ಆಧಾರ ಸಿದ್ಧಮಾಡಿಕೊಳ್ಳಿ. ಮಾರದೆ ಬಾಡಿಗೆಗೆ ಕೊಟ್ಟರೆ ಸಾಲದೇ ಎಂದು ನ್ಯಾಯಾಧೀಶರು ಕೇಳಬಹುದು, ಅದಕ್ಕೂ ಪ್ರಾಮಾಣಿಕ ಉತ್ತರ ಇರಲಿ. ತಿಂಗಳುಗಳು ಹಿಡಿಯುತ್ತವೆ, ನಿಜ. ಈ ನಡುವೆ ನಿಮ್ಮ ಕೈಯಿಂದ ಮಾಡುವ ಖರ್ಚಿನ ಪ್ರತಿ ಚೀಟಿಯನ್ನೂ ಇಟ್ಟುಕೊಳ್ಳಿ, ಮುಂದೆ ನ್ಯಾಯಾಲಯದ ಮುಂದಿಟ್ಟು ಕೇಳಲು ಬೇಕಾಗುತ್ತದೆ.

ಎರಡು ಲಕ್ಷದ ಮುಂಗಡವನ್ನು ಈ ವಾರವೇ ಹಿಂದಿರುಗಿಸಿ. ಕೊಳ್ಳುವವರು ಕಾಯುತ್ತೇವೆ ಎಂದರೆ, ತಂದೆಯವರ ಸ್ಥಿತಿಯನ್ನು ತಿಳಿಸಿ, ನ್ಯಾಯಾಲಯದ ಅನುಮತಿ ಸಿಕ್ಕರೆ ಮಾತ್ರ ಮಾರಾಟ ಎಂದು ಅವರಿಗೆ ಬರಹದಲ್ಲಿ ಕೊಡಿ. ಯಾರ ಹೆಸರಿನಲ್ಲೂ ಕ್ರಯದ ಕರಾರು ಬೇಡ.

ನೀವು ಕೇಳದಿದ್ದರೂ ಅವ್ವನ ಬಗ್ಗೆ ಒಂದು ಮಾತು. ಅವರ ಬುದ್ಧಿ ಚುರುಕಾಗಿರುವಾಗಲೇ ಅವರ ಹೆಸರಿನಲ್ಲಿ ಏನಿದೆಯೋ ಅದರ ವ್ಯವಸ್ಥೆ ಮಾಡಿಕೊಳ್ಳಲಿ. ಇಂಥ ದಿನಗಳಿಗೆ ಜಿಪಿಎ ಆಸರೆಯಾಗದು ಎಂಬುದು ಈಗ ನಿಮಗೆ ಗೊತ್ತಾಗಿದೆ. ವಿಲ್ ಬರೆಯಬಹುದು, ಆದರೆ ಅದು ಕೆಲಸ ಮಾಡುವುದು ಅವರ ನಂತರ. ಆಸ್ತಿ ದೊಡ್ಡದಿದ್ದರೆ ಖಾಸಗಿ ಟ್ರಸ್ಟ್ ಮಾಡಿ ಟ್ರಸ್ಟಿಗಳ ಕೈಗೆ ಕೊಡಬಹುದು, ಅದು ಬುದ್ಧಿ ಮಂಕಾದ ಮೇಲೂ ನಡೆಯುತ್ತದೆ. ದಾನಪತ್ರ ಮಾಡುವುದಾದರೆ ತನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ನಿನಂತೆ ಅದನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು.

ಕೊನೆಗೆ, ಅಪ್ಪನಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಿ. ಒಂದೇ ಸಲ ಎಲ್ಲವನ್ನೂ ಹೇಳಬೇಡಿ. ಅವರು ದಿನವೂ ಕೂರುವ ಜಾಗದಲ್ಲಿ, ಬೆಳಗಿನ ಚಹಾದ ನಂತರ, ಎದುರಿಗೆ ಕುಳಿತು, ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳಿ: ಖರ್ಚು ಹೆಚ್ಚಾಗಿದೆ, ಮನೆ ಮಾರುವ ಯೋಚನೆ ಇದೆ, ನೀವೂ ಅವ್ವನೂ ನನ್ನ ಹತ್ತಿರ ಇರುತ್ತೀರಿ. ಅವರು ಬೇಡ ಎಂದರೆ ಏಕೆಂದು ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಸಂಜೆಗೆ ಮರೆತರೆ ಮರುದಿನ ಮತ್ತೆ ಹೇಳಿ. ಸಹಿ ಮಾಡುವ ಶಕ್ತಿ ಹೋದವರಿಗೂ ಇಷ್ಟಾನಿಷ್ಟಗಳು ಇರುತ್ತವೆ. ಪಾಲಕರಾಗುವವರು ನ್ಯಾಯಾಲಯದ ಮುಂದೆ ಇಡಬೇಕಾದ ವಿಷಯಗಳಲ್ಲಿ ಅವೂ ಸೇರಿವೆ. ವೈದ್ಯಕೀಯ ಮಂಡಳಿಯವರೋ ಕಂದಾಯ ಅಧಿಕಾರಿಯೋ ಮನೆಗೆ ಬರುವ ದಿನ ನಿಗದಿಯಾದಾಗ, ಸಾಧ್ಯವಿದ್ದರೆ ಬೆಳಗಿನ ಹೊತ್ತನ್ನೇ ಕೇಳಿಕೊಳ್ಳಿ. ಅಂದು ಅವರನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಒರೆಸಿ ಕೊಡಿ, ಶ್ರವಣಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ.